ನಮಗೆ ಹಿತವಾದ ಸುಳ್ಳು

(ಸೊಲ್ಲಾಪುರ ಜಿಲ್ಲೆಯ ನಂದೇಶ್ವರದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಉಪನ್ಯಾಸಕ್ಕೆ ಒಂದು ರೂಢಿ ಇದೆ. ಮೊದಲ ಹತ್ತು ನಿಮಿಷ ದತ್ತಿ ಇಟ್ಟವರ ಗುಣಗಾನ, ಕೊನೆಯ ಹತ್ತು ನಿಮಿಷ ಸಂಘಟಕರ ಗುಣಗಾನ, ನಡುವೆ ಉಳಿದಷ್ಟರಲ್ಲಿ ವಿಷಯ. ಈ ದತ್ತಿ ಇಟ್ಟ ಮನೆಯವರು ತಮ್ಮ ಹೆಸರನ್ನು ಕೂಡ ಎತ್ತಬಾರದೆಂದು ಹೇಳಿಬಿಟ್ಟಿದ್ದಾರೆ. ಸುಳ್ಳು ಸುದ್ದಿ, ಅಪಪ್ರಚಾರಗಳನ್ನು ಗುರುತು ಹಿಡಿಯುವುದನ್ನು ಮಕ್ಕಳಿಗೂ ದೊಡ್ಡವರಿಗೂ ಹೇಗೆ ಕಲಿಸಬೇಕು ಎಂಬುದರ ಮೇಲೆ ಮಾತಾಡಿ, ಅಷ್ಟು ಸಾಕು ಎಂದಿದ್ದಾರೆ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ. ಈ ವಿಷಯವನ್ನು ಈ ತಾಲೂಕಿನಲ್ಲಿ ನಿಂತು ಮಾತಾಡುವವನಿಗೆ ಉದಾಹರಣೆ ಹುಡುಕಿಕೊಂಡು ದೂರ ಹೋಗುವ ಕೆಲಸವಿಲ್ಲ.

2018ರ ಜುಲೈ 1, ರವಿವಾರ. ಧುಳೆ ಜಿಲ್ಲೆಯ ಸಾಕ್ರಿ ತಾಲೂಕಿನ ರೈನಪಾಡಾ ಎಂಬ ಆದಿವಾಸಿಗಳ ಹಳ್ಳಿಯಲ್ಲಿ ವಾರದ ಸಂತೆ ನೆರೆದಿತ್ತು. ನಾಥಪಂಥದ ಡವರಿ ಗೋಸಾವಿ ಸಮಾಜದ ಐದು ಮಂದಿ ಬಸ್ಸಿನಿಂದ ಇಳಿದರು. ಊರೂರು ತಿರುಗಿ ಭಿಕ್ಷೆ ಬೇಡಿ ಹೊಟ್ಟೆ ಹೊರೆಯುವುದು ಆ ಸಮಾಜದ ತಲೆಮಾರುಗಳ ಬದುಕು. ಅವರಲ್ಲೊಬ್ಬರು ಒಂದು ಸಣ್ಣ ಹುಡುಗಿಯನ್ನು ಮಾತಾಡಿಸಿದರು. ಮಕ್ಕಳ ಕಳ್ಳರು ಎಂಬ ಕೂಗು ಎದ್ದಿತು. ಜನ ಅವರನ್ನು ಹಿಡಿದು ಗ್ರಾಮ ಪಂಚಾಯಿತಿಯ ಕೋಣೆಗೆ ಹಾಕಿ ಬಡಿದರು. ಐವರೂ ಸತ್ತರು. ಅವರಲ್ಲಿ ಹೆಚ್ಚಿನವರು ನಮ್ಮ ಮಂಗಳವೇಢೆ ತಾಲೂಕಿನವರು. ಅವರ ಮನೆಯವರು, ಬಳಗದವರು ಈ ಸುತ್ತಿನಲ್ಲೇ ಇದ್ದಾರೆ. ಅದಕ್ಕೇ ಅವರ ಹೆಸರುಗಳನ್ನು ನಾನು ಇಲ್ಲಿ ಹೇಳುವುದಿಲ್ಲ.

ಒಂದು ಮಾತನ್ನು ಗಮನಿಸಿ. ಕೊಲೆ ನಡೆದದ್ದು ಪಂಚಾಯಿತಿ ಕಚೇರಿಯಲ್ಲಿ. ನಾಗರಿಕಶಾಸ್ತ್ರದ ಪುಸ್ತಕದಲ್ಲಿ ಪ್ರಜಾಪ್ರಭುತ್ವದ ಮೊದಲ ಮೆಟ್ಟಿಲು ಎಂದು ನಾವು ಮಕ್ಕಳಿಂದ ಬಾಯಿಪಾಠ ಮಾಡಿಸುವ ಜಾಗದಲ್ಲಿ.

ಆ ಬೇಸಿಗೆಯಲ್ಲಿ ನಮ್ಮೆಲ್ಲರ ಫೋನುಗಳಿಗೂ ಬಂದಿದ್ದ ಒಂದು ವಿಡಿಯೊ ನಿಮಗೆ ನೆನಪಿರಬಹುದು. ಬೀದಿಯಲ್ಲಿ ಮಕ್ಕಳು ಆಡುತ್ತಿರುತ್ತಾರೆ. ಬೈಕಿನ ಮೇಲೆ ಬಂದ ಇಬ್ಬರು ಒಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅಲ್ಲಿಗೆ ವಿಡಿಯೊ ಮುಗಿಯುತ್ತದೆ. ಅದು ಕರಾಚಿಯಲ್ಲಿ ರೋಶ್ನಿ ಹೆಲ್ಪ್‌ಲೈನ್ ಎಂಬ ಸಂಸ್ಥೆ ಜನಜಾಗೃತಿಗಾಗಿ ಮಾಡಿಸಿದ ಚಿತ್ರ. ಮೂಲದಲ್ಲಿ ಆ ಇಬ್ಬರೂ ಅದೇ ಬೈಕಿನಲ್ಲಿ ತಿರುಗಿ ಬಂದು, ಮಗುವನ್ನು ಇಳಿಸಿ, ನಿಮ್ಮ ಮಕ್ಕಳ ಮೇಲೆ ನಿಗಾ ಇಡಿ ಎಂಬರ್ಥದ ಬರಹ ಹಿಡಿದು ನಿಲ್ಲುತ್ತಾರೆ. ಯಾರೋ ಆ ಕೊನೆಯ ಕೆಲವು ಸೆಕೆಂಡುಗಳನ್ನು ಕತ್ತರಿಸಿದರು. ಹೊಸದಾಗಿ ಏನನ್ನೂ ಸೇರಿಸಲಿಲ್ಲ, ತೆಗೆದರು ಅಷ್ಟೇ. ಧುಳೆ, ಮಾಲೆಗಾಂವ ಕಡೆ ಇದರ ಜೊತೆಗೆ ಸಾಲಾಗಿ ಮಲಗಿಸಿದ ಮಕ್ಕಳ ಶವಗಳ ಚಿತ್ರವೂ ಹರಿದಾಡಿತು. ಕಿಡ್ನಿ ಕದಿಯುವವರು ಕೊಂದ ಮಕ್ಕಳು ಎಂದು ಅದರ ಕೆಳಗೆ ಬರೆದಿತ್ತು. ಅದು 2013ರಲ್ಲಿ ಸಿರಿಯಾದ ಘೌತಾದಲ್ಲಿ ವಿಷಾನಿಲಕ್ಕೆ ಬಲಿಯಾದ ಮಕ್ಕಳ ಚಿತ್ರ. ಚಿತ್ರ ನಿಜ, ಸಾವು ನಿಜ. ಸುಳ್ಳಾಗಿದ್ದುದು ಕೆಳಗಿನ ಎರಡು ಸಾಲು.

ಹನ್ನೆರಡು ದಿನಕ್ಕೆ, ಜುಲೈ 13ರಂದು, ಬೀದರ ಜಿಲ್ಲೆಯ ಔರಾದ ತಾಲೂಕಿನ ಮುರ್ಕಿಯಲ್ಲಿ ಮತ್ತೊಂದು ಸಾವು. ಹೈದರಾಬಾದಿನಿಂದ ಗೆಳೆಯರ ಜೊತೆ ಬಂದಿದ್ದ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್. ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ತಪ್ಪಾಯಿತು. ಅವರ ಕಾರು ಮುರ್ಕಿ ಮುಟ್ಟುವ ಮೊದಲೇ ಅವರ ಸುದ್ದಿ ವಾಟ್ಸ್ಆ್ಯಪ್‌ನಲ್ಲಿ ಮುಟ್ಟಿತ್ತು. ಬಿಡಿಸಲು ಹೋದ ಪೊಲೀಸರೂ ಏಟು ತಿಂದರು. ಮುರ್ಕಿಯ ಮಂದಿಗೆ ಕನ್ನಡ ಬರುತ್ತದೆ, ಮರಾಠಿ ಬರುತ್ತದೆ, ಹಿಂದಿ ಬರುತ್ತದೆ. ನಮ್ಮ ಹಾಗೆಯೇ. ಮೂರು ಭಾಷೆ ಬಲ್ಲವರು ಒಂದರಲ್ಲೂ ‘ನೀವು ಯಾರು?’ ಎಂದು ಸಮಾಧಾನದಿಂದ ಕೇಳಲಿಲ್ಲ.

ಆ ವಾರಗಳಲ್ಲಿ ಎಲ್ಲ ಕಡೆಯೂ ಹೀಗೇ ಆಯಿತೆಂದು ತಿಳಿಯಬೇಡಿ. ರೈನಪಾಡಾದ ಘಟನೆ ನಡೆದ ಅದೇ ರಾತ್ರಿ ಮಾಲೆಗಾಂವದಲ್ಲಿ, ಪರಭಣಿ ಕಡೆಯಿಂದ ಭಿಕ್ಷೆಗೆ ಬಂದಿದ್ದ ಒಂದು ಕುಟುಂಬವನ್ನು ಗುಂಪು ಮುತ್ತಿತು. ಜೊತೆಗೆ ಕೂಸೂ ಇತ್ತು. ಅಲ್ಲಿನ ಒಂದು ಮನೆಯವರು ಅವರನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದರು. ಪೊಲೀಸರು ಬರುವವರೆಗೆ ಬಾಗಿಲು ತೆಗೆಯಲಿಲ್ಲ. ಎಲ್ಲರೂ ಬದುಕಿದರು. ಆ ಮನೆಯವರು ಯಾವ ವಿಡಿಯೊವನ್ನೂ ಪರೀಕ್ಷೆ ಮಾಡಿರಲಿಲ್ಲ. ಎದುರಿಗಿದ್ದ ಮನುಷ್ಯರನ್ನು ನೋಡಿದರು. ಮಾಹಿತಿ ಸಾಕ್ಷರತೆ ಎಂದು ಪಠ್ಯಕ್ರಮ ಬರೆಯುವವರು ಈ ಮನೆಯವರನ್ನು ಮೊದಲು ಮಾತಾಡಿಸಬೇಕು ಎಂದು ನನಗೆ ಅನಿಸುತ್ತದೆ.

ಇನ್ನು ನಮ್ಮ ಬಾಗಿಲಿಗೇ ಬರೋಣ. 2022ರ ಸೆಪ್ಟೆಂಬರ್, ಜತ್ತ ತಾಲೂಕಿನ ಲವಂಗ ಗ್ರಾಮ. ಉತ್ತರ ಪ್ರದೇಶದ ನಾಲ್ವರು ಸಾಧುಗಳು ವಿಜಯಪುರದಿಂದ ಪಂಢರಪುರಕ್ಕೆ ಹೊರಟಿದ್ದರು. ಒಬ್ಬ ಹುಡುಗನನ್ನು ದಾರಿ ಕೇಳಿದರು. ಮತ್ತೆ ಅದೇ ಕೂಗು, ಅದೇ ಬಡಿಗೆ. ಉಮದಿ ಪೊಲೀಸರು ಬಂದು ವಿಚಾರಿಸಿದಾಗ ಅವರು ಒಂದು ಅಖಾಡಕ್ಕೆ ಸೇರಿದ ನಿಜವಾದ ಸಾಧುಗಳೆಂದು ತಿಳಿಯಿತು. ಪುಣ್ಯಕ್ಕೆ ಪ್ರಾಣ ಹೋಗಲಿಲ್ಲ. ಉಮದಿ ಕಡೆ ಕನ್ನಡ ಮಾತಾಡುವ ಸೀಮೆ. ಪಂಢರಪುರದ ದಾರಿಯಲ್ಲಿ ಹೋಗುವವರಿಗೆ ನೀರು ಕೊಟ್ಟು, ಅಂಬಲಿ ಕೊಟ್ಟು ಕಳಿಸಿದ ಸೀಮೆ.

ರೈನಪಾಡಾದಲ್ಲಿ ಸತ್ತವರು ನಮ್ಮ ಕಡೆಯವರು. ಲವಂಗದಲ್ಲಿ ಬಡಿದವರೂ ನಮ್ಮ ಕಡೆಯವರು. ನಡುವೆ ನಾಲ್ಕು ವರ್ಷ. ಆ ನಾಲ್ಕು ವರ್ಷದಲ್ಲಿ ರೈನಪಾಡಾದ ಸುದ್ದಿ ಕೇಳದ ಮನುಷ್ಯ ಈ ಎರಡು ತಾಲೂಕುಗಳಲ್ಲಿ ಇದ್ದನೇ? ಎಲ್ಲರಿಗೂ ಗೊತ್ತಿತ್ತು. ವದಂತಿ ನಂಬಿ ಜನ ಸತ್ತರು ಎಂಬುದು ಗೊತ್ತಿದ್ದೂ ಮುಂದಿನ ವದಂತಿಯನ್ನು ನಂಬಿದರು. ಜಾಗೃತಿ ಮೂಡಿಸಿದರೆ ಸಾಕು ಎನ್ನುವವರು ಇದಕ್ಕೆ ಉತ್ತರ ಕೊಡಬೇಕು.

ಆಗ ಏನೇನು ಮಾಡಿದರು ನೋಡಿ. 2018ರ ಜುಲೈನಲ್ಲಿ ವಾಟ್ಸ್ಆ್ಯಪ್ ಕಂಪನಿ ಪತ್ರಿಕೆಗಳಲ್ಲಿ ಪುಟದಗಲ ಜಾಹೀರಾತು ಕೊಟ್ಟು ಹತ್ತು ಸಲಹೆ ಅಚ್ಚುಹಾಕಿಸಿತು. ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚು ಕಳಿಸಲಾಗದಂತೆ ಭಾರತದಲ್ಲಿ ಕಟ್ಟು ಹಾಕಿತು. 2020ರಲ್ಲಿ, ಪದೇ ಪದೇ ದಾಟಿಬಂದ ಸಂದೇಶಕ್ಕೆ ಅದನ್ನು ಒಂದಕ್ಕೆ ಇಳಿಸಿತು. ಸುಪ್ರೀಂ ಕೋರ್ಟು 2018ರ ಜುಲೈ 17ರಂದು ತೆಹಸೀನ್ ಪೂನಾವಾಲಾ ಪ್ರಕರಣದಲ್ಲಿ, ಗುಂಪು ಹಿಂಸೆ ತಡೆಯಲು ಪ್ರತಿ ಜಿಲ್ಲೆಗೂ ಒಬ್ಬ ಹಿರಿಯ ಪೊಲೀಸ್ ಅಧಿಕಾರಿಯನ್ನು ನೇಮಿಸಿ ಎಂದು ಆದೇಶಿಸಿತು. ಇವೆಲ್ಲ ಬೇಕಾದವೇ. ಆದರೆ ಜಾಹೀರಾತು ಓದಿದವರು ಪತ್ರಿಕೆ ಓದುವವರು, ಬಡಿಗೆ ಎತ್ತಿದವರು ಬೇರೆಯವರು.

ನನಗೆ ಹೆಚ್ಚು ಹಿಡಿಸಿದ್ದು ರಾಯಚೂರಿನ ಗಡಿಗೆ ಅಂಟಿಕೊಂಡಿರುವ ತೆಲಂಗಾಣದ ಗದ್ವಾಲದಲ್ಲಿ ನಡೆದ ಕೆಲಸ. ಅಲ್ಲಿನ ಎಸ್‌ಪಿ ಆಗಿದ್ದ ರೆಮಾ ರಾಜೇಶ್ವರಿ ಪೊಲೀಸರಿಗೆ ಒಂದೊಂದು ಊರು ಹಂಚಿಕೊಟ್ಟರು. ಹಾಡುಗಾರರನ್ನು, ಡಪ್ಪು ಬಾರಿಸುವವರನ್ನು ಕರೆದುಕೊಂಡು ಊರಿನ ನಡುಕಟ್ಟೆಗೆ ಹೋಗಿ, ಮಕ್ಕಳ ಕಳ್ಳರ ವದಂತಿ ಹೇಗೆ ಹುಟ್ಟುತ್ತದೆಂದು ಹಾಡಿ ತೋರಿಸಿದರು. ಅವರ ಸುಪರ್ದಿಯಲ್ಲಿ 400ಕ್ಕೂ ಹೆಚ್ಚು ಹಳ್ಳಿಗಳಿದ್ದವು. ಆ ವರ್ಷ ಅಲ್ಲಿ ಒಂದೂ ಇಂಥ ಸಾವು ಆಗಲಿಲ್ಲ. ಪೊಲೀಸಪ್ಪನ ಮುಖ ಮೊದಲೇ ಪರಿಚಯವಿದ್ದರೆ, ಅನುಮಾನ ಬಂದಾಗ ಜನ ಬಡಿಗೆ ಬಿಟ್ಟು ಫೋನು ಎತ್ತುತ್ತಾರೆ. ಗುಟ್ಟು ಅಷ್ಟೇ ಇರಬೇಕು.

ಶಾಲೆಯಲ್ಲಿ ಏನು ಮಾಡಬಹುದು? ಕಾಸರಗೋಡಿನ ನೆರೆಯ ಕಣ್ಣೂರು ಜಿಲ್ಲೆಯಲ್ಲಿ, ದಡಾರ ರುಬೆಲ್ಲಾ ಚುಚ್ಚುಮದ್ದಿನ ಬಗ್ಗೆ ಎದ್ದ ಗಾಳಿಸುದ್ದಿಯಿಂದ ಬೇಸತ್ತ ಜಿಲ್ಲಾಧಿಕಾರಿ ಮೀರ್ ಮೊಹಮ್ಮದ್ ಅಲಿ 2018ರಲ್ಲಿ ‘ಸತ್ಯಮೇವ ಜಯತೆ’ ಎಂಬ ಹೆಸರಿನಲ್ಲಿ ಸುಮಾರು 150 ಸರಕಾರಿ ಶಾಲೆಗಳಲ್ಲಿ ಪಾಠ ಶುರು ಮಾಡಿಸಿದರು. ಒಳ್ಳೆಯ ಕೆಲಸ. ಆದರೆ ಪಾಠ ಮಾಡಿದ್ದು ಒಂದು, ಅದು ತಲೆಗೆ ಹತ್ತಿದ್ದು ಇನ್ನೊಂದು. ಗುರುಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ಎರಡನೆಯದನ್ನು ಅಳೆದು ನೋಡಿದವರು ಬಿಹಾರದಲ್ಲಿ ಸಿಗುತ್ತಾರೆ.

ಸುಮಿತ್ರಾ ಬದರಿನಾಥನ್ ಎಂಬ ರಾಜ್ಯಶಾಸ್ತ್ರದ ವಿದ್ವಾಂಸೆ 2019ರ ಲೋಕಸಭಾ ಚುನಾವಣೆಯ ಹೊತ್ತಿಗೆ ಬಿಹಾರದಲ್ಲಿ ಮನೆಮನೆಗೆ ಜನರನ್ನು ಕಳಿಸಿ, ಸುಳ್ಳು ಸುದ್ದಿ ಗುರುತಿಸುವುದು ಹೇಗೆಂದು ಸುಮಾರು ಒಂದು ತಾಸು ಕೂತು ಹೇಳಿಸಿದರು. 1,200ಕ್ಕೂ ಹೆಚ್ಚು ಮಂದಿಯ ಮೇಲೆ ಮಾಡಿದ ಪ್ರಯೋಗ. ಆಮೇಲೆ ಅಳೆದು ನೋಡಿದರೆ, ಪಾಠ ಕೇಳಿದವರಿಗೂ ಕೇಳದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ತಮ್ಮ ಪಕ್ಷಕ್ಕೆ ಹಿತವಾದ ಸುಳ್ಳು ಬಂದಾಗಲಂತೂ ಪಾಠ ಉಪಯೋಗಕ್ಕೆ ಬರಲೇ ಇಲ್ಲ. ಒಂದು ತಾಸಿನ ಉಪದೇಶದಿಂದ ಏನೂ ಆಗುವುದಿಲ್ಲ ಎಂಬುದನ್ನು ನಿಮಗೆ ಒಂದು ತಾಸಿನ ಉಪದೇಶದಲ್ಲಿ ಹೇಳುತ್ತಿದ್ದೇನೆ, ಇರಲಿ.

ಅವರು ಅಲ್ಲಿಗೆ ಕೈಬಿಡಲಿಲ್ಲ. ಕೆಲವು ವರ್ಷಗಳ ಮೇಲೆ ಜೊತೆಗಾರರನ್ನು ಸೇರಿಸಿಕೊಂಡು, ಬಿಹಾರ ಸರಕಾರದ ನೆರವಿನಿಂದ, 583 ಹಳ್ಳಿಗಳ ಸುಮಾರು 13,500 ಹದಿಹರೆಯದ ಮಕ್ಕಳೊಡನೆ ಮತ್ತೆ ಪ್ರಯೋಗ ಮಾಡಿದರು. ಈ ಸಲ ಒಂದು ತಾಸಲ್ಲ, ವಾರಗಟ್ಟಲೆ. ಊರಿನ ಗ್ರಂಥಾಲಯದಲ್ಲಿ, ಶಾಲೆಯ ತರಗತಿಯ ಹಾಗೆ, ಮನೆಗೆಲಸ ಕೊಟ್ಟು, ಹಾಜರಿ ಹಿಡಿದು. ಈ ಸಲ ಫಲ ಸಿಕ್ಕಿತು, ತಿಂಗಳುಗಳ ನಂತರವೂ ಉಳಿದಿತ್ತು. ಇನ್ನೂ ಸ್ವಾರಸ್ಯದ ಮಾತೆಂದರೆ ಆ ಮಕ್ಕಳ ತಂದೆತಾಯಿಯರೂ, ತರಗತಿಗೆ ಕಾಲಿಡದವರು, ಸ್ವಲ್ಪ ಹುಷಾರಾಗಿದ್ದರು. ಮಗ್ಗಿ ಕಲಿಸಿದ ಹಾಗೆ ಇದನ್ನು ಕಲಿಸಬೇಕು. ಒಂದು ದಿನ ದೊಡ್ಡ ಸಮಾರಂಭ ಮಾಡಿ ಮಗ್ಗಿ ಕಲಿಸಿದವರನ್ನು ನಾನು ಕಂಡಿಲ್ಲ.

ಈಗ ನಾನು ಹೇಳಬೇಕೆಂದು ಬಂದ ಮಾತಿಗೆ ಬರುತ್ತೇನೆ. ಅದು ನಮಗೆ ಅಷ್ಟು ಹಿತವಾಗಲಿಕ್ಕಿಲ್ಲ.

ಬಿಹಾರದ ಮೊದಲ ಪ್ರಯೋಗ ಸೋತದ್ದು ಎಲ್ಲಿ? ತನ್ನ ಕಡೆಯ ಸುಳ್ಳಿನ ಮುಂದೆ. ಎದುರಿನವನ ಸುಳ್ಳನ್ನು ಹಿಡಿಯಲು ಯಾರಿಗೂ ತರಬೇತಿ ಬೇಕಿಲ್ಲ, ಆ ಕೆಲಸದಲ್ಲಿ ನಾವೆಲ್ಲ ಹುಟ್ಟಾ ಪಂಡಿತರು. ನಮ್ಮ ಭಾಷೆ, ನಮ್ಮ ಜಾತಿ, ನಮ್ಮ ಪಕ್ಷ, ನಮ್ಮ ಊರಿಗೆ ಜೈ ಎನ್ನುವ ಸುಳ್ಳು ಬಂದಾಗ ಏನು ಮಾಡುತ್ತೇವೆ ಎಂಬುದೇ ಪರೀಕ್ಷೆ. ಅದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಕಲಿಸುವ ಶಾಲೆ ನಾಗರಿಕರನ್ನು ತಯಾರು ಮಾಡುವುದಿಲ್ಲ, ಪ್ರಚಾರಕರನ್ನು ತಯಾರು ಮಾಡುತ್ತದೆ. ಹಾಗಾಗಿ ಗಡಿಯ ಕನ್ನಡಿಗರ ನಡುವೆ ನಿಂತು ಗಡಿಯ ಉದಾಹರಣೆಯನ್ನೇ ಎತ್ತುತ್ತೇನೆ.

2022ರ ನವೆಂಬರ್, ಡಿಸೆಂಬರ್ ನೆನಪು ಮಾಡಿಕೊಳ್ಳಿ. ಕರ್ನಾಟಕಕ್ಕೆ ಸೇರುತ್ತೇವೆ ಎಂಬ ಜತ್ತ ತಾಲೂಕಿನ ಊರುಗಳ ಹಳೆಯ ಠರಾವಿನ ಮಾತನ್ನು ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಎತ್ತಿದರು. ಸೊಲ್ಲಾಪುರ, ಅಕ್ಕಲಕೋಟೆಯ ಮಾತೂ ಬಂತು. ಮಹಾರಾಷ್ಟ್ರದ ನಾಯಕರು ತಿರುಗಿ ನುಡಿದರು. ನೀರಿಲ್ಲ, ರಸ್ತೆ ಇಲ್ಲ ಎಂದು ವರ್ಷಗಟ್ಟಲೆ ಗೋಳಿಟ್ಟಿದ್ದ ಊರುಗಳ ಸಂಕಟ ಒಮ್ಮೆಲೆ ಎರಡು ರಾಜ್ಯಗಳ ಪ್ರತಿಷ್ಠೆಯಾಗಿ ಬೆಳೆಯಿತು. ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಿತ್ತು. ಡಿಸೆಂಬರ್ 6ರಂದು ಬೆಳಗಾವಿ ಹತ್ತಿರ ಹಿರೇಬಾಗೇವಾಡಿ ಟೋಲ್ ನಾಕೆಯಲ್ಲಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿದ್ದವು. ಬಸ್ಸು ನಿಂತವು. ಬಸ್ಸು ನಿಂತಾಗ ಬೆಂಗಳೂರಿಗೂ ಮುಂಬಯಿಗೂ ಏನೂ ಆಗಲಿಲ್ಲ. ಆಸ್ಪತ್ರೆಗೆ ವಿಜಯಪುರಕ್ಕೆ ಹೋಗಬೇಕಿದ್ದ ಇಲ್ಲಿಯ ಮುದುಕರಿಗೆ ಆಯಿತು, ಗಡಿಯಾಚೆ ಮಗಳನ್ನು ಕೊಟ್ಟವರಿಗೆ ಆಯಿತು.

ಡಿಸೆಂಬರ್ 14ರಂದು ಕೇಂದ್ರ ಗೃಹಮಂತ್ರಿ ಅಮಿತ್ ಶಾ ಎರಡೂ ಮುಖ್ಯಮಂತ್ರಿಗಳನ್ನು ದಿಲ್ಲಿಗೆ ಕರೆಸಿದರು. ಸಭೆ ಮುಗಿದ ಮೇಲೆ ಹೊರಬಂದ ಒಂದು ಮಾತು ನನಗೆ ಮುಖ್ಯ. ದೊಡ್ಡ ನಾಯಕರ ಹೆಸರಿನಲ್ಲಿ ನಕಲಿ ಟ್ವಿಟರ್ ಖಾತೆಗಳು ಬಂದು ಬೆಂಕಿಗೆ ತುಪ್ಪ ಸುರಿದಿವೆ, ಅಂಥವರ ಮೇಲೆ ಎಫ್‌ಐಆರ್ ದಾಖಲಿಸುತ್ತೇವೆ ಎಂದರು. ತಮ್ಮ ಹೆಸರಿನಲ್ಲಿ ಓಡಾಡಿದ ಟ್ವೀಟ್ ತಮ್ಮದಲ್ಲ ಎಂದು ಬೊಮ್ಮಾಯಿಯವರೂ ಹೇಳಿದರು. ರಾಜಕಾರಣಿಗಳಿಗೆ ಇದು ಅನುಕೂಲದ ಮಾತು, ತಾವು ಆಡಿದ್ದೆಲ್ಲವನ್ನೂ ನಕಲಿ ಖಾತೆಯ ತಲೆಗೆ ಕಟ್ಟಬಹುದು. ಆ ಸಂಶಯ ನನಗೂ ಇದೆ. ಆದರೆ ನಾನು ಕೇಳುವುದು ಬೇರೆ. ಆ ದಿನಗಳಲ್ಲಿ ನಮ್ಮ ಕನ್ನಡ ಗ್ರೂಪುಗಳಲ್ಲಿ ಎಷ್ಟು ಮಂದಿ, ನಮ್ಮ ಪರವಾದ ಒಂದು ಟ್ವೀಟಿನ ಚಿತ್ರ ಬಂದಾಗ, ಇದು ನಿಜವಾದ ಖಾತೆಯದೇ ಎಂದು ತೆರೆದು ನೋಡಿದರು? ಮರಾಠಿ ಗ್ರೂಪುಗಳಲ್ಲಿ ಎಷ್ಟು ಮಂದಿ ನೋಡಿದರು? ಎರಡೂ ಕಡೆ ಹೆಬ್ಬೆಟ್ಟಿನ ಗುರುತು ಒತ್ತಿದ್ದೇ ಒತ್ತಿದ್ದು.

ಇಲ್ಲೊಂದು ಸಂಗತಿ ಇದೆ, ಅದು ನಮ್ಮ ಪಾಲಿಗೆ ಲಾಭದ್ದು. ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ಸ್ಯಾಮ್ ವೈನ್‌ಬರ್ಗ್ ಮತ್ತು ಅವರ ಜೊತೆಗಾರರು ನುರಿತ ಸತ್ಯಶೋಧಕರು ಹೇಗೆ ಓದುತ್ತಾರೆಂದು ಕೂತು ನೋಡಿದರು. ಸಾಮಾನ್ಯರು, ದೊಡ್ಡ ಇತಿಹಾಸಕಾರರು ಕೂಡ, ಸಿಕ್ಕ ಪುಟವನ್ನೇ ಮೇಲಿಂದ ಕೆಳಗೆ ಕಣ್ಣಿಟ್ಟು ಓದುತ್ತಾರೆ. ಸತ್ಯಶೋಧಕರು ಎರಡು ಸಾಲು ಓದಿ ಆ ಪುಟವನ್ನು ಬಿಟ್ಟು, ಇದರ ಬಗ್ಗೆ ಉಳಿದವರು ಏನನ್ನುತ್ತಾರೆಂದು ಪಕ್ಕಕ್ಕೆ ಹೋಗುತ್ತಾರೆ. ಪಕ್ಕಕ್ಕೆ ಹೋಗಿ ನೋಡುವುದು ಗಡಿಯ ಮಗುವಿಗೆ ಹುಟ್ಟಿನಿಂದಲೇ ಬಂದ ಅನುಕೂಲ. ಅಕ್ಕಲಕೋಟೆಯ ಕನ್ನಡ ಶಾಲೆಯ ಏಳನೆಯ ಇಯತ್ತೆಯ ಹುಡುಗಿ ಕನ್ನಡ ಪತ್ರಿಕೆಯನ್ನೂ ಓದಬಲ್ಲಳು, ಮರಾಠಿ ಪತ್ರಿಕೆಯನ್ನೂ ಓದಬಲ್ಲಳು. ಮೈಸೂರಿನ ಹುಡುಗಿಗೆ, ಸಾತಾರೆಯ ಹುಡುಗಿಗೆ ಈ ಭಾಗ್ಯ ಇಲ್ಲ. ನಾವು ಇದನ್ನು ಒಂದು ಹೊರೆ ಎಂದೇ ನೋಡುತ್ತ ಬಂದಿದ್ದೇವೆ.

ಹೀಗೆ ಮಾಡಿ. 2022ರ ಡಿಸೆಂಬರ್ 7ರ ಎರಡು ಪತ್ರಿಕೆ ಸಂಪಾದಿಸಿ, ಬೆಳಗಾವಿ ಅಥವಾ ವಿಜಯಪುರ ಆವೃತ್ತಿಯ ಕನ್ನಡದ್ದೊಂದು, ಸೊಲ್ಲಾಪುರ ಆವೃತ್ತಿಯ ಮರಾಠಿಯದ್ದೊಂದು. ಮಕ್ಕಳನ್ನು ನಾಲ್ಕು ನಾಲ್ಕು ಮಂದಿ ಕೂರಿಸಿ. ಒಂದು ಕೈಗೆ ನೀಲಿ ಪೆನ್ನು, ಒಂದು ಕೈಗೆ ಕೆಂಪು. ನಡೆದದ್ದನ್ನು ಹೇಳುವ ಸಾಲಿನ ಕೆಳಗೆ ನೀಲಿ ಗೆರೆ, ನಡೆದದ್ದರ ಬಗ್ಗೆ ಸಿಟ್ಟೋ ಹೆಮ್ಮೆಯೋ ತೋರಿಸುವ ಶಬ್ದದ ಕೆಳಗೆ ಕೆಂಪು ಗೆರೆ. ಆಮೇಲೆ ಮಸಿ ಬಿದ್ದ ಬಸ್ಸಿಗೆ ಎಷ್ಟು ಸಾಲು, ಕಲ್ಲು ಬಿದ್ದ ಲಾರಿಗೆ ಎಷ್ಟು ಸಾಲು ಎಣಿಸಲು ಹೇಳಿ. ಚಿತ್ರ ಯಾವುದರದು, ಯಾವ ಪುಟದಲ್ಲಿದೆ ನೋಡಲು ಹೇಳಿ. ಎರಡೂ ಪತ್ರಿಕೆಯಲ್ಲಿ ಒಂದೇ ಒಂದು ಸುಳ್ಳು ವಾಕ್ಯ ಸಿಗದೆ ಹೋಗಬಹುದು. ಸಿಗದಿದ್ದರೆ ಇನ್ನೂ ಒಳ್ಳೆಯದು. ನಿಜವನ್ನೇ ಆರಿಸಿ ಪೇರಿಸಿ ಒಂದು ಕಡೆಗೆ ವಾಲಿಸಬಹುದು ಎಂಬುದನ್ನು ಮಕ್ಕಳು ತಮ್ಮ ಕೈಯಾರೆ ಎಣಿಸಿ ಕಂಡುಕೊಳ್ಳುತ್ತಾರೆ. ಕರಾಚಿಯ ವಿಡಿಯೊದಲ್ಲೂ ಆದದ್ದು ಅದೇ.

ಪ್ರಚಾರದ ಇಂಥ ವರಸೆಗಳನ್ನು ಪಟ್ಟಿ ಮಾಡಿದವರು ನ್ಯೂಯಾರ್ಕಿನಲ್ಲಿ 1937ರಲ್ಲಿ ಶುರುವಾದ ಪ್ರಚಾರ ವಿಶ್ಲೇಷಣಾ ಸಂಸ್ಥೆಯವರು. ಹಿಟ್ಲರನ ಕಾಲ, ರೇಡಿಯೊದ ಕಾಲ. ಏಳು ವರಸೆ ಗುರುತಿಸಿ ಶಾಲೆಗಳಿಗೆ ಪಾಠ ಸಿದ್ಧಮಾಡಿ ಕಳಿಸಿದರು. ಏಳನ್ನೂ ಇಲ್ಲಿ ಹೇಳಲು ಹೋಗುವುದಿಲ್ಲ. ನಾನು ನಿಮ್ಮಂತೆಯೇ ಬಡವ ಎಂದು ತೋರಿಸಿಕೊಳ್ಳುವುದು ಒಂದು. ಚುನಾವಣೆ ಬಂದಾಗ ರೈತನ ಮನೆಯಲ್ಲಿ ಕೂತು ಮಂಗಳವೇಢೆಯ ಜೋಳದ ರೊಟ್ಟಿ ಮುರಿಯುವ ನಾಯಕರ ಫೋಟೊ ನೋಡಿದರೆ ಅದಕ್ಕೆ ಬೇರೆ ವ್ಯಾಖ್ಯಾನ ಬೇಡ. ಎಲ್ಲರೂ ಆ ಕಡೆಗೇ ಹೊರಟಿದ್ದಾರೆ, ನೀನೊಬ್ಬ ಯಾಕೆ ಹಿಂದುಳಿಯುತ್ತಿ ಎನ್ನುವುದು ಇನ್ನೊಂದು. ಆ ಸಂಸ್ಥೆ 1942ರಲ್ಲಿ ಮುಚ್ಚಿತು. ಆ ಹೊತ್ತಿಗೆ ಅಮೆರಿಕ ತಾನೇ ಯುದ್ಧಕ್ಕೆ ಇಳಿದಿತ್ತು. ಸ್ವಂತ ದೇಶದ ಪ್ರಚಾರವನ್ನೂ ಅದೇ ತಕ್ಕಡಿಯಲ್ಲಿ ತೂಗುವ ಪಾಠಕ್ಕೆ ಆಗ ಜಾಗ ಉಳಿಯಲಿಲ್ಲ.

ಸರಕಾರದ ಮಾತನ್ನೂ ತೂಗಬೇಕು ಎಂಬುದನ್ನು ಸೊಲ್ಲಾಪುರದವರಿಗೆ ಅಮೆರಿಕದವರು ಕಲಿಸಬೇಕಿಲ್ಲ. 1930ರ ಮೇ 12ರಿಂದ ಜೂನ್ 30ರ ತನಕ ಸೊಲ್ಲಾಪುರದಲ್ಲಿ ಮಾರ್ಷಲ್ ಲಾ ಇತ್ತು. ಆ ದಿನಗಳಲ್ಲಿ ನಿಜ ಎಂದರೆ ಸರಕಾರ ಹೇಳಿದ್ದು. ಪೊಲೀಸರನ್ನು ಕೊಂದ ಆರೋಪದ ಮೇಲೆ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಶನ್ ಸಾರಡಾ ಈ ನಾಲ್ವರನ್ನು 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಸರಕಾರದ ಕಾಗದದಲ್ಲಿ ಅವರು ಕೊಲೆಗಾರರು. ಊರು ಆ ಕಾಗದವನ್ನು ಒಪ್ಪಲಿಲ್ಲ, ಹುತಾತ್ಮರೆಂದು ಪುತ್ಥಳಿ ನಿಲ್ಲಿಸಿತು. ಅದು ಪರದೇಶಿ ಸರಕಾರ, ಈಗಿನದು ನಮ್ಮದು ಎನ್ನುತ್ತೀರಿ. ಸರಿ. ಆದರೆ ನಮ್ಮದೇ ಕೇಂದ್ರ ಸರಕಾರ 2023ರಲ್ಲಿ, ತನ್ನ ಬಗೆಗಿನ ಯಾವ ಸುದ್ದಿ ಸುಳ್ಳು ಎಂದು ತನ್ನದೇ ಘಟಕದಿಂದ ತೀರ್ಮಾನ ಮಾಡಿಸುವ ನಿಯಮ ತಂದಿತು. ಮುಂಬಯಿ ಹೈಕೋರ್ಟು 2024ರ ಸೆಪ್ಟೆಂಬರಿನಲ್ಲಿ ಅದನ್ನು ರದ್ದು ಮಾಡಿತು. ವಾದಿಯೇ ನ್ಯಾಯಾಧೀಶನ ಕುರ್ಚಿಯಲ್ಲಿ ಕೂರಬಾರದು ಎಂಬಷ್ಟು ಮಾತು ಎಂಟನೆಯ ಇಯತ್ತೆಯ ಹುಡುಗನಿಗೂ ಅರ್ಥವಾಗುತ್ತದೆ. ಕಲಿಸಲು ನಮಗೆ ಧೈರ್ಯ ಬೇಕಷ್ಟೆ.

ಇದಕ್ಕೆಲ್ಲ ಹೊಸ ವಿಷಯ, ಹೊಸ ಪುಸ್ತಕ ಬೇಕೆಂದು ಯಾರೂ ಹೇಳಬೇಡಿ. ಬಾಲಭಾರತಿ ಎಂಟು ಭಾಷೆಗಳಲ್ಲಿ ಪುಸ್ತಕ ಅಚ್ಚುಹಾಕುತ್ತದೆ, ಕನ್ನಡವೂ ಅದರಲ್ಲಿದೆ. ಇತಿಹಾಸ ಮತ್ತು ನಾಗರಿಕಶಾಸ್ತ್ರ ಎಂಬ ಪುಸ್ತಕ ನಮ್ಮ ಮಕ್ಕಳ ಚೀಲದಲ್ಲಿ ಇದ್ದೇ ಇದೆ. ಸಂವಿಧಾನದ 51ಎ ವಿಧಿ, 1976ರಲ್ಲಿ ಸೇರಿದ್ದು, ವೈಜ್ಞಾನಿಕ ಮನೋಭಾವವನ್ನೂ ಪ್ರಶ್ನಿಸಿ ತಿಳಿಯುವ ಗುಣವನ್ನೂ ನಾಗರಿಕನ ಕರ್ತವ್ಯ ಎಂದು ಹೇಳುತ್ತದೆ. ಅಂದರೆ ಕೇಳುವುದು ಉದ್ಧಟತನ ಅಲ್ಲ, ಡ್ಯೂಟಿ. ವಾರಕ್ಕೆ ಒಂದು ತಾಸಿಕೆ ಅದಕ್ಕೆ ತೆಗೆದಿಟ್ಟರೆ ಸಾಕು.

ಆ ತಾಸಿಕೆಯಲ್ಲಿ ಸುಳ್ಳನ್ನು ಗುರುತಿಸುವುದಕ್ಕಿಂತ ಮೊದಲು ಸುಳ್ಳನ್ನು ತಯಾರಿಸಲು ಕಲಿಸಿ. ನಗಬೇಡಿ. ಸಣ್ಣ ಪ್ರಮಾಣದಲ್ಲಿ ರೋಗಾಣು ಕೊಟ್ಟು ರೋಗ ತಡೆಯುವ ಹಾಗೆ ಮನಸ್ಸಿಗೂ ಲಸಿಕೆ ಹಾಕಬಹುದು ಎಂದು ವಿಲಿಯಂ ಮಗ್ವಾಯರ್ ಎಂಬ ಮನಶ್ಶಾಸ್ತ್ರಜ್ಞರು 1960ರ ದಶಕದಲ್ಲೇ ತೋರಿಸಿದರು. ನಮ್ಮಲ್ಲಿ ಇದನ್ನು ಬೇರೆ ಹೆಸರಿನಲ್ಲಿ ಮಾಡಿದವರಿದ್ದಾರೆ. ನರೇಂದ್ರ ದಾಭೋಲ್ಕರ್ ಅವರ ಕಾರ್ಯಕರ್ತರು ಬಾಬಾಗಳ ಪವಾಡವನ್ನು ಬರೀ ಬೈಯಲಿಲ್ಲ. ಸಂತೆಯಲ್ಲಿ ನಿಂತು ಅದೇ ಪವಾಡವನ್ನು ಮಾಡಿ ತೋರಿಸಿ, ಆಮೇಲೆ ಕೈಚಳಕ ಬಿಡಿಸಿ ಹೇಳಿದರು. ಬೆಂಗಳೂರಿನಲ್ಲಿ ಎಚ್. ನರಸಿಂಹಯ್ಯನವರು ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡ ಪರೀಕ್ಷೆಗೆ ಒಂದು ಸಮಿತಿಯನ್ನೇ ಮಾಡಿದ್ದರು. ದಾಭೋಲ್ಕರರನ್ನು 2013ರಲ್ಲಿ ಪುಣೆಯಲ್ಲಿ ಗುಂಡಿಟ್ಟು ಕೊಂದರು. ಕೈಚಳಕ ಬಿಡಿಸುವವರನ್ನು ಕಂಡರೆ ಯಾರಿಗೆ ಉರಿಯುತ್ತದೆ ಎಂಬುದೂ ಪಾಠದ ಭಾಗವೇ.

ಮಕ್ಕಳಿಗೆ ಹೇಳಿ: ನಾಳೆ ಶಾಲೆಗೆ ಸೂಟಿ ಎಂಬ ಸುಳ್ಳನ್ನು ಪಕ್ಕದ ತರಗತಿಯವರು ನಂಬುವ ಹಾಗೆ ಬರೆದು ತನ್ನಿ. ಯಾರಿಗೂ ಕಳಿಸುವುದಿಲ್ಲ, ಇಲ್ಲೇ ಓದಿ ಹರಿದು ಹಾಕುತ್ತೇವೆ. ಏನು ಬರೆದು ತರುತ್ತಾರೆ ಎಂದು ನಾನೇ ಹೇಳಬಲ್ಲೆ. ‘ಮಾನ್ಯ ಜಿಲ್ಲಾಧಿಕಾರಿ ಸಾಹೇಬರ ಆದೇಶದ ಮೇರೆಗೆ’ ಎಂದು ಶುರುವಾಗುತ್ತದೆ. ತಾರೀಖು ಇರುವುದಿಲ್ಲ, ‘ನಾಳೆ’ ಇರುತ್ತದೆ. ಕಾರಣ ಹೆದರಿಸುವಂಥದ್ದು ಇರುತ್ತದೆ. ‘ಕೂಡಲೇ ಎಲ್ಲರಿಗೂ ತಿಳಿಸಿ’ ಎಂದು ಮುಗಿಯುತ್ತದೆ. ದೊಡ್ಡ ಹೆಸರು, ಅವಸರ, ಅಂಜಿಕೆ, ಮುಂದೆ ದಾಟಿಸು ಎಂಬ ಆಜ್ಞೆ. ತಾವೇ ಹೆಣೆದ ಬಲೆಯ ಕಣ್ಣು ಗೊತ್ತಾದ ಮೇಲೆ ಬೇರೆಯವರ ಬಲೆಗೆ ಮೊದಲಿನಷ್ಟು ಸುಲಭವಾಗಿ ಬೀಳುವುದಿಲ್ಲ. ಈಗ ಯಂತ್ರಗಳೇ ನಾಯಕರ ದನಿಯಲ್ಲಿ ಮಾತಾಡುತ್ತವೆ, ಇಲ್ಲದ ಮುಖ ಬರೆಯುತ್ತವೆ. ಆದರೂ ಈ ನಾಲ್ಕು ಬದಲಾಗಿಲ್ಲ.

ಇನ್ನು ಎಲ್ಲಕ್ಕಿಂತ ಬಿಕ್ಕಟ್ಟಿನ ಜಾಗ, ಮನೆ. ನಮ್ಮಲ್ಲಿ ಸುಳ್ಳು ಬರುವುದು ಅಪರಿಚಿತರಿಂದಲ್ಲ. ಕಾಕಾ ಕಳಿಸುತ್ತಾರೆ, ಸೋದರಮಾವ ಕಳಿಸುತ್ತಾರೆ, ಮಠದ ಭಕ್ತರ ಗ್ರೂಪಿನಲ್ಲಿ ಬರುತ್ತದೆ. ಅದೂ ಹೆಚ್ಚಾಗಿ ದನಿಯ ರೂಪದಲ್ಲಿ, ನಮ್ಮ ಆಡುಮಾತಿನಲ್ಲಿ. ಚಿತ್ರವಾದರೆ ಗೂಗಲ್‌ನಲ್ಲಿ ಹಾಕಿ ಮೂಲ ಹುಡುಕಬಹುದು, ಜವಾರಿ ಕನ್ನಡದ ದನಿಯನ್ನು ಎಲ್ಲಿ ಹಾಕಿ ಹುಡುಕುವುದು? ‘ಇದು ಸುಳ್ಳು’ ಎಂದು ಹಿರಿಯರ ಮುಖಕ್ಕೆ ಹೇಳುವ ಮಗುವಿಗೆ ಸಿಗುವುದು ಏಟು, ಅಥವಾ ‘ನಾಕ ಅಕ್ಷರ ಕಲತು ಶ್ಯಾಣ್ಯಾ ಆದಿ’ ಎಂಬ ಮಾತು. ಆದ್ದರಿಂದ ಕೇಳುವ ರೀತಿಯನ್ನೂ ಕಲಿಸಬೇಕು. ‘ಮಾಮಾ, ಇದು ಯಾವ ಊರಾಗ ಆಗಿದ್ದರಿ?’ ‘ಕಾಕಾ, ನಿಮಗ ಕಳಿಸಿದವರು ತಾವು ಕಣ್ಣಾರೆ ಕಂಡಾರೇನ್ರಿ?’ ಇದರಲ್ಲಿ ಅಗೌರವ ಏನೂ ಇಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹೇಳಿಕೊಟ್ಟವರು ಹಿರಿಯರೇ ಅಲ್ಲವೇ. ಬಿಹಾರದ ಮಕ್ಕಳು ಮನೆಯಲ್ಲಿ ಇಂಥದ್ದೇ ಏನಾದರೂ ಕೇಳಿರಬೇಕು, ಇಲ್ಲದಿದ್ದರೆ ತಂದೆತಾಯಿಯರು ಹುಷಾರಾದದ್ದು ಹೇಗೆ?

ಗುರುಗಳು ಒಳಗೊಳಗೇ ಏನು ಯೋಚಿಸುತ್ತಿದ್ದೀರಿ ಎಂಬುದು ಮುಖದಲ್ಲೇ ಕಾಣುತ್ತದೆ. ಪಕ್ಷದ ಸುದ್ದಿ ತರಗತಿಯಲ್ಲಿ ಬಿಡಿಸಿದರೆ ಪಾಲಕರು ತಕರಾರು ಕೊಡುತ್ತಾರೆ, ಗಡಿಯ ಮಾತೆತ್ತಿದರೆ ಕನ್ನಡದ ಗುರುವಿನ ಮೇಲೆ ಮೊದಲೇ ಕಣ್ಣಿದೆ. ನಿಮ್ಮ ಅಂಜಿಕೆ ಸುಳ್ಳಲ್ಲ. ಒಂದು ದಾರಿ ಇದೆ. ಪಕ್ಷದ, ಗಡಿಯ ವಿಷಯಕ್ಕೆ ಮೂರು ವರ್ಷಕ್ಕಿಂತ ಹಳೆಯ ಸುದ್ದಿಯನ್ನೇ ತೆಗೆದುಕೊಳ್ಳಿ, ಬಿಸಿ ಆರಿರುತ್ತದೆ. ಪ್ರತಿ ಸಲವೂ ಎರಡು ಕಡೆಯ ಒಂದೊಂದು ಸುಳ್ಳು ಜೋಡಿಯಾಗಿ ಇಡಿ. ತೀರ್ಪು ನೀವು ಹೇಳಬೇಡಿ, ಎಣಿಕೆ ಮಕ್ಕಳು ಮಾಡಲಿ. ಶಾಲಾ ವ್ಯವಸ್ಥಾಪನ ಸಮಿತಿಯ ಒಂದಿಬ್ಬರು ಪಾಲಕರನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿಕೊಳ್ಳಿ, ತಕರಾರು ಅರ್ಧ ಕಡಿಮೆಯಾಗುತ್ತದೆ. ಪೂರ್ತಿ ಕಡಿಮೆಯಾಗುತ್ತದೆ ಎಂದು ನಾನು ಹೇಳುವುದಿಲ್ಲ.

ದತ್ತಿ ಇಟ್ಟವರಿಗೆ ಒಂದು ಅರಿಕೆ ಇದೆ. ಒಂದು ತಾಸಿನ ಮಾತಿನ ಬೆಲೆ ಎಷ್ಟೆಂದು ಬಿಹಾರದ ಲೆಕ್ಕ ಕೇಳಿದಿರಿ. ಮುಂದಿನ ವರ್ಷ ಈ ಬಡ್ಡಿಯ ಹಣದಲ್ಲಿ ನನ್ನಂಥ ಇನ್ನೊಬ್ಬನನ್ನು ಕರೆಸಿ ಶಾಲು ಹೊದಿಸಬೇಡಿ. ಈ ಭಾಗದ ಕನ್ನಡ ಶಾಲೆಗಳಿಗೆ, ಆದಷ್ಟು ಶಾಲೆಗಳಿಗೆ, ಒಂದು ಕನ್ನಡ ಪತ್ರಿಕೆ, ಒಂದು ಮರಾಠಿ ಪತ್ರಿಕೆ ವರ್ಷಪೂರ್ತಿ ಬರುವಂತೆ ಚಂದಾ ಕಟ್ಟಿ. ವಿಜಯಪುರದಿಂದ ಬರುವ ಕನ್ನಡ ಪತ್ರಿಕೆ ಕೆಲವು ಊರಿಗೆ ಮಧ್ಯಾಹ್ನ ಮುಟ್ಟುತ್ತದೆ, ಕೆಲವು ಊರಿಗೆ ಮರುದಿನ. ಅಡ್ಡಿಯಿಲ್ಲ. ಉಳಿದ ಸುದ್ದಿಯ ಪಾಠಕ್ಕೆ ಒಂದು ದಿನ ಹಳೆಯ ಪತ್ರಿಕೆಯೇ ಚಲೋ. ಜೊತೆಗೆ ಒಂದು ಡಬ್ಬಿ ಪೆನ್ನು, ಅರ್ಧ ಕೆಂಪು, ಅರ್ಧ ನೀಲಿ.